ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ

ವರ್ಗಾವಣೆಯ ಕಾಲ ಬಂತೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರ ದನಿಯೂ ಬದಲಾಗುತ್ತದೆ. ದಿನವೂ ಕಿರುಚಾಡುವವರು ಮೆತ್ತಗೆ ಮಾತಾಡುತ್ತಾರೆ, ಲಿಫ್ಟಿನಲ್ಲಿ ಹರಟುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಹಾಗಾಗಿ ಇದೆಲ್ಲ ನನಗೆ ಉಳಿದವರಿಗಿಂತ ಬೇಗ ಗೊತ್ತಾಗುತ್ತದೆ. ಕೋಲ್ಕತ್ತಾದಲ್ಲಿ ಉಳಿಯಬೇಕು ಎನ್ನುವವರು ಬಹಳ, ಇರುವ ಜಾಗ ಕೆಲವೇ. ಯಾರು ಯಾವ ಊರನ್ನು ಬರೆಯುತ್ತಾರೆ ಎಂಬುದನ್ನು ಪಕ್ಕದ ಕುರ್ಚಿಯವರಿಗೂ ಹೇಳುವುದಿಲ್ಲ. ನಮ್ಮದು ಕೇಂದ್ರ ಸರ್ಕಾರದ ಸಂಸ್ಥೆ. ಬಡ್ತಿ ಸಿಕ್ಕವರೆಲ್ಲ ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಲೇಬೇಕು ಅಥವಾ ಕಟ್ಟದಿರಲು ಒಂದು ದಾರಿ ಹುಡುಕಬೇಕು.

ನನಗೂ ಉಳಿಯಬೇಕಿತ್ತು. ಮಕ್ಕಳ ಶಾಲೆಗಾಗಿ ಅಲ್ಲ, ಸ್ವಂತ ಮನೆಗಾಗಿಯೂ ಅಲ್ಲ. ಈ ಭೂಮಿಯ ಮೇಲೆ ನಾನು ಒಬ್ಬಳೇ ನಡೆದಾಡಬಲ್ಲ ಊರು ಇದೊಂದೇ.

ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ ನೆಲಮಹಡಿಯ ಒಂದು ಕೋಣೆ ನನ್ನದು. ಬೆಳಿಗ್ಗೆ ಕೋಲು ಹಿಡಿದು ಹೊರಟರೆ ಗೋಲ್‌ಪಾರ್ಕ್ ದಾಟಿ ಗರಿಯಾಹಾಟ್ ಸಂತೆ ಸೇರುತ್ತೇನೆ. ಕಣ್ಣಿದ್ದವರು ಆ ಫುಟ್‌ಪಾತನ್ನು ಬೈಯದ ದಿನವಿಲ್ಲ. ಅಂಗಡಿಗಳೇ ತುಂಬಿವೆ, ಕಾಲಿಡಲು ಜಾಗವಿಲ್ಲ ಎನ್ನುತ್ತಾರೆ. ನನಗೋ ಆ ಅಂಗಡಿಗಳೇ ದಾರಿ. ಮೊದಲು ಪ್ಲಾಸ್ಟಿಕ್ ಹೊದಿಕೆಯ ಪಟಪಟ, ಆಮೇಲೆ ಸ್ಟೀಲ್ ಪಾತ್ರೆಯವನ ಸದ್ದು, ಆಮೇಲೆ ಹೊಸ ಸೀರೆಗಳ ಗಂಜಿ ವಾಸನೆ, ಅದು ಮುಗಿಯುವಲ್ಲಿ ರಸ್ತೆ ದಾಟಬೇಕು. ಪಾತ್ರೆಯವನು ನನ್ನನ್ನು ಕಂಡರೆ ‘ದಿದಿ, ಬಾಂ ದಿಕೆ’ ಎನ್ನುತ್ತಾನೆ, ಎಡಕ್ಕೆ ಸರಿಯಿರಿ ಎಂದು. ನಾನು ಸರಿಯುತ್ತೇನೆ. ಅವನು ನನ್ನ ಕೈ ಹಿಡಿಯುವುದಿಲ್ಲ, ಎಳೆಯುವುದಿಲ್ಲ, ಪಾಪ ಎನ್ನುವುದಿಲ್ಲ. ಇಷ್ಟು ಗೌರವ ಸಂಪಾದಿಸಲು ನನಗೆ ಹತ್ತು ಹನ್ನೆರಡು ವರ್ಷ ಬೇಕಾಯಿತು. ಎಷ್ಟು ಸಲ ಮೊಣಕಾಲು ತರಚಿಕೊಂಡಿದ್ದೇನೋ, ಎಷ್ಟು ಸಲ ಆಟೋ ಸಾಲಿನೊಳಗೆ ಹೊಕ್ಕು ಬೈಸಿಕೊಂಡಿದ್ದೇನೋ, ಲೆಕ್ಕವಿಲ್ಲ.

‘ಊರು ಯಾವುದು?’ ಎಂದು ಕೇಳಿದರೆ ಮೈಸೂರು ಎನ್ನುತ್ತೇನೆ. ಬಾಯಿಪಾಠದ ಉತ್ತರ ಅದು. ಮೈಸೂರಿನಲ್ಲಿ ನನಗೆ ಗೊತ್ತಿರುವುದು ಕುರುಡು ಮಕ್ಕಳ ಹಾಸ್ಟೆಲಿನ ಮೆಟ್ಟಿಲು, ಊಟದ ಹಾಲ್, ಗೇಟಿನ ಬಳಿಯ ಒಂದು ಸಂಪಿಗೆ ಮರ. ಗೇಟಿನಾಚೆ ನನ್ನನ್ನು ಯಾರೂ ಒಬ್ಬಳನ್ನೇ ಬಿಟ್ಟವರಲ್ಲ. ಹೆತ್ತವರು ಹೋಗಿ ಬಹಳ ವರ್ಷವಾಯಿತು. ಅಲ್ಲಿ ನನಗಾಗಿ ಕಾಯುವ ಬಾಗಿಲು ಒಂದೂ ಇಲ್ಲ.

ಇನ್ನು ಇಲ್ಲಿಯ ಕನ್ನಡಿಗರ ಒಂದು ರೂಢಿಯನ್ನು ಹೇಳಬೇಕು, ಏಕೆಂದರೆ ನನ್ನ ಗತಿ ನಿಂತದ್ದೇ ಅದರ ಮೇಲೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದಿಷ್ಟು ಜನ ಸೇರುತ್ತೇವೆ. ರೈಲ್ವೆಯವರು, ಬ್ಯಾಂಕಿನವರು, ಬಂದರಿನವರು, ಈಚೆಗೆ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಜನ. ‘ಊಟ ಆಯ್ತಾ’ ಎಂಬುದಕ್ಕೂ ಮೊದಲು ಕೇಳುವ ಪ್ರಶ್ನೆ, ‘ಊರ ಕಡೆ ಟ್ರಾನ್ಸ್‌ಫರ್ ಯಾವಾಗ?’ ಅದಕ್ಕೆ ಯಾರೂ ನಿಜ ಹೇಳುವುದಿಲ್ಲ. ಮನಸ್ಸಿನಲ್ಲಿರುವ ಊರನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗಿ ಕೆಲಸ ಕೆಡುತ್ತದಂತೆ. ಆದ್ದರಿಂದ ಹುಬ್ಬಳ್ಳಿಗೆ ಅರ್ಜಿ ಹಾಕಿ ಹರಕೆ ಹೊತ್ತವರು ಕೂಡ ‘ಇಲ್ಲೇ ಆರಾಮಾಗಿದೀವಿ ಬಿಡಿ, ಎಲ್ಲಿಗೂ ಹೋಗಲ್ಲ’ ಎನ್ನುತ್ತಾರೆ. ಕೇಳಿದವರು ಒಳಗೊಳಗೇ ನಕ್ಕು ಪಾಯಸ ಬಡಿಸುತ್ತಾರೆ. ಆರ್ಡರ್ ಕೈಗೆ ಬಂದ ಮೇಲೆಯೇ ಸಿಹಿ ಹಂಚುವುದು. ನಾನೂ ವರ್ಷಗಟ್ಟಲೆ ಇದನ್ನು ಕೇಳಿ ತಮಾಷೆ ಮಾಡಿದವಳೇ.

ಆ ವರ್ಷ ನಮ್ಮ ವರ್ಗಾವಣೆಯನ್ನೆಲ್ಲ ಹೊಸ ವೆಬ್‌ಸೈಟಿಗೆ ಹಾಕಿದರು. ಮುಂಚೆ ಒಂದು ಹಾಳೆಯಲ್ಲಿ ಊರುಗಳನ್ನು ಬರೆದು ಕೊಡುತ್ತಿದ್ದೆವು. ಬರೆಸಲು ಸಹಾಯ ಬೇಕಿತ್ತು ನಿಜ, ಆದರೆ ಹತ್ತು ಜನರಿಂದ ಓದಿಸಿ ನೋಡಬಹುದಿತ್ತು. ಇನ್ನು ಮೇಲೆ ಎಲ್ಲ ಪಾರದರ್ಶಕ ಎಂದು ಸುತ್ತೋಲೆ ಬಂತು. ಪಾರದರ್ಶಕ ಎಂಬ ಪದವನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ.

ಕಂಪ್ಯೂಟರಿನಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ನನ್ನ ಬಳಿ ಇದೆ. ನನ್ನ ಆಫೀಸ್ ಕೆಲಸವೆಲ್ಲ ಅದರಿಂದಲೇ ನಡೆಯುವುದು. ಹೊಸ ಪುಟವನ್ನು ತೆರೆದೆ. ‘ಗ್ರಾಫಿಕ್’ ಎಂದಿತು. ಕೆಳಗಿಳಿದೆ. ‘ಗ್ರಾಫಿಕ್.’ ಇನ್ನೂ ಇಳಿದೆ. ‘ಗ್ರಾಫಿಕ್. ಗ್ರಾಫಿಕ್. ಗ್ರಾಫಿಕ್.’ ಅಷ್ಟೇ. ಆಮೇಲೆ ತಿಳಿಯಿತು, ಊರುಗಳ ಹೆಸರನ್ನು ಬಣ್ಣದ ಬಿಲ್ಲೆಗಳಂತೆ ಜೋಡಿಸಿಟ್ಟಿದ್ದಾರಂತೆ, ಮೌಸಿನಲ್ಲಿ ಹಿಡಿದು ಎಳೆದು, ಬೇಕಾದ ಊರನ್ನು ಮೇಲಕ್ಕೆ ಬಿಡಬೇಕಂತೆ. ಬಿಲ್ಲೆಗಳಿಗೆ ಹೆಸರಿಲ್ಲ, ಕೀಲಿಮಣೆಯಿಂದ ಅವು ಅಲುಗಾಡುವುದಿಲ್ಲ. ಕಣ್ಣು ಕಾಣದವಳಿಗೆ ಮೌಸ್ ಎಂದರೆ ಅಂಗೈಯಲ್ಲಿಟ್ಟ ಒಂದು ಕಲ್ಲು.

ಹೆಲ್ಪ್‌ಲೈನಿಗೆ ಫೋನು ಮಾಡಿದೆ. ಆ ಕಡೆಯ ಗಂಡಸಿನ ಇಂಗ್ಲಿಷಿನಲ್ಲಿ ಬೆಂಗಳೂರು ಚೆನ್ನಾಗಿಯೇ ಕೇಳಿಸಿತು. ‘ಕನ್ನಡದವರಾ?’ ಎಂದೆ.

‘ಅಯ್ಯೋ ಹೌದು ಮೇಡಂ! ಕೋಲ್ಕತ್ತಾದಿಂದ ಕನ್ನಡದಲ್ಲಿ ಫೋನ್ ಬಂದಿದ್ದು ಇದೇ ಫಸ್ಟು. ಹೇಳಿ, ಏನ್ ಪ್ರಾಬ್ಲಂ?’

ಹೇಳಿದೆ. ‘ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿಸಿ ಮೇಡಂ, ಎರಡು ನಿಮಿಷದ ಕೆಲಸ’ ಎಂದ.

ಎಷ್ಟು ಸುಲಭವಾಗಿ ಹೇಳಿದ! ಬ್ಯಾಂಕಿನವರೂ ಅದನ್ನೇ ಹೇಳಿದ್ದರು, ಗ್ಯಾಸಿನವರೂ ಅದನ್ನೇ ಹೇಳಿದ್ದರು. ಈ ವೆಬ್‌ಸೈಟ್ ಮಾಡುವವರ ತಲೆಯಲ್ಲಿ ಕುರುಡರ ಪಕ್ಕದಲ್ಲಿ ಯಾವಾಗಲೂ ಒಬ್ಬರು ಕೂತೇ ಇರುತ್ತಾರೆ. ಆ ಒಬ್ಬರಿಗೆ ಬೇರೆ ಕೆಲಸವಿಲ್ಲ, ಸ್ವಂತ ಅಭಿಪ್ರಾಯವಿಲ್ಲ, ನಮ್ಮ ಗುಟ್ಟು ಕೇಳಲು ಕಿವಿಯೂ ಇಲ್ಲ. ಅಂಥವರು ನನಗಿನ್ನೂ ಸಿಕ್ಕಿಲ್ಲ.

ಆಫೀಸಿನಲ್ಲಿ ಯಾರನ್ನು ಕೂರಿಸಿಕೊಳ್ಳಲಿ? ಎಲ್ಲರೂ ಅದೇ ಜಾಗಕ್ಕೆ ಕಣ್ಣಿಟ್ಟವರು. ಹಾಗಾಗಿ ಖಿದಿರ್‌ಪುರದಾಚೆ ರೈಲ್ವೆ ಕ್ವಾರ್ಟರ್ಸಿನಲ್ಲಿರುವ ವೈನಿಯ ಮನೆಗೆ ಹೋದೆ. ಧಾರವಾಡದವರು ಅವರು. ಅವರ ಯಜಮಾನರನ್ನು ನಾನು ಅಣ್ಣ ಎನ್ನುತ್ತೇನಾದ್ದರಿಂದ ಅವರು ನನಗೆ ವೈನಿ. ಆ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ. ನನಗೆ ಜ್ವರ ಬಂದಾಗ ಎರಡು ಬಸ್ಸು ಬದಲಿಸಿ ಗಂಜಿ ತಂದುಕೊಟ್ಟವರು. ಅವರಷ್ಟು ನಂಬುವ ಜೀವ ಈ ಊರಿನಲ್ಲಿ ನನಗೆ ಇನ್ನೊಂದಿಲ್ಲ.

ಭಾನುವಾರದ ಬೆಳಿಗ್ಗೆ. ವೈನಿ ರೊಟ್ಟಿ ಬಡಿಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಬ್ಯಾಂಕಿನವರೊಬ್ಬರ ಹೆಂಡತಿ ಚಹಾ ಕುಡಿಯುತ್ತಾ ಕೂತಿದ್ದರು, ಅವರೂ ನಮ್ಮವರೇ, ಮಾತಿನ ಮಲ್ಲಿ. ನಾನು ಲ್ಯಾಪ್‌ಟಾಪ್ ತೆರೆದು, ನನ್ನ ಫೋನಿಗೆ ಬಂದ ಒಟಿಪಿ ಹಾಕಿ, ವೈನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹಿಟ್ಟಿನ ಕೈ ಒರೆಸಿಕೊಂಡು ಮೌಸ್ ಹಿಡಿದರು.

‘ಯಾವ್ದು ಮೊದ್ಲ ಇಡೂದ್ರಿ?’

‘ಕೋಲ್ಕತ್ತಾ ವೈನಿ. ಕೋಲ್ಕತ್ತಾನೇ ಮೊದಲು. ನಾನು ಎಲ್ಲಿಗೂ ಹೋಗಲ್ಲ.’

ಬ್ಯಾಂಕಿನವರ ಹೆಂಡತಿ ಆ ಕಡೆಯಿಂದ, ‘ಇಲ್ಲೇ ಇರ್ತೀರಾ? ಮೈಸೂರು ಬೇಡ್ವಾ ನಿಮಗೆ?’ ಎಂದರು.

‘ಇಲ್ಲೇ ಆರಾಮಾಗಿದೀನಿ’ ಎಂದೆ.

ವೈನಿ ನನ್ನ ಮುಂಗೈ ಹಿಡಿದು ಒಮ್ಮೆ ಅದುಮಿದರು. ‘ತಿಳೀತ್ರಿ, ತಿಳೀತ್ರಿ’ ಎಂದರು. ಅವರ ಬೆರಳಿನ ಹಿಟ್ಟು ನನ್ನ ಕೈಗೆ ಹತ್ತಿತು. ಅದು ಪ್ರೀತಿ ಎಂದುಕೊಂಡೆ, ಪ್ರೀತಿಯೇ ಆಗಿತ್ತು. ಮೌಸ್ ಮೇಜಿನ ಮೇಲೆ ಅತ್ತಿತ್ತ ಉಜ್ಜಿದ ಸದ್ದು ಕೇಳಿಸಿತು. ಸ್ಕ್ರೀನ್ ರೀಡರ್ ‘ಗ್ರಾಫಿಕ್’ ಎನ್ನುತ್ತಲೇ ಇತ್ತು. ‘ಆತ್ರಿ, ಒತ್ತಲ್ಯಾ?’ ಎಂದರು. ಒತ್ತಿ ಎಂದೆ. ಆಮೇಲೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು, ಬಸ್ಸು ಹಿಡಿದು ಬಂದೆ.

ಬುದ್ಧಿ ಇಲ್ಲದವಳೇನಲ್ಲ ನಾನು. ಪರೀಕ್ಷಿಸಿ ನೋಡಿದೆ. ಅರ್ಜಿ ತಲುಪಿದೆ ಎಂದು ಬಂದ ಪತ್ರ ಕೂಡ ಒಂದು ಚಿತ್ರವೇ. ಅದನ್ನು ಫೋನಿನ ಓದುವ ಆ್ಯಪ್‌ಗೆ ಕೊಟ್ಟೆ. ಅದು ಮೊದಲಿಗೆ ‘ಕೋಲ್ಕತ್ತಾ’ ಎಂದಿತು, ಆಮೇಲೆ ಮೈಸೂರು, ಆಮೇಲೆ ಇನ್ನೊಂದೆರಡು ಊರು. ಸರಿ, ಮುಗಿಯಿತು ಎಂದು ಉಳಿದದ್ದನ್ನು ಕೇಳದೆ ನೆಮ್ಮದಿಯಿಂದ ಫೋನು ಕೆಳಗಿಟ್ಟೆ. ಆ ಮೊದಲ ಕೋಲ್ಕತ್ತಾ ನಾನಿರುವ ಆಫೀಸಿನ ವಿಳಾಸವೆಂದೂ, ಬಣ್ಣದ ಮೇಲೆ ಬಿಳಿಯಲ್ಲಿ ಬರೆದ ಅಂಕಿಗಳನ್ನು ಆ್ಯಪ್ ಓದಲೇ ಇಲ್ಲವೆಂದೂ ಗೊತ್ತಾಗುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು.

ಆರ್ಡರ್ ಬಂದ ದಿನ ನಮ್ಮ ಮೇಲಧಿಕಾರಿ ತಾವೇ ನನ್ನ ಮೇಜಿನ ಬಳಿಗೆ ಬಂದರು. ಸಂದೇಶ್ ಎಂಬ ಬಂಗಾಳಿ ಸಿಹಿಯ ಡಬ್ಬಿ ತೆರೆದ ವಾಸನೆ ಬಂತು. ‘ಮೇಡಂ, ಬಾಡಿ ಜಾಚ್ಛೇನ್!’ ಎಂದರು, ಮನೆಗೆ ಹೊರಟಿರಿ ಎಂದು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಮೈಸೂರು. ಹದಿನೈದು ದಿನದಲ್ಲಿ ಹಾಜರಾಗಬೇಕು.

ನಗೆ ಬರುವ ಸಂಗತಿ ಇನ್ನೊಂದಿದೆ. ಅಂಗವಿಕಲ ನೌಕರರು ಮೊದಲನೆಯದಾಗಿ ಕೇಳಿದ ಊರನ್ನೇ ಕೊಡಬೇಕು ಎಂದು ನಮ್ಮಲ್ಲಿ ಒಂದು ನಿಯಮವಿದೆ. ಇಷ್ಟು ವರ್ಷ ನಮಗಾಗಿ ಮಾಡಿದ ಯಾವ ನಿಯಮವನ್ನೂ ನೆಟ್ಟಗೆ ಪಾಲಿಸದವರು ಇದೊಂದನ್ನು ಮಾತ್ರ ಅಕ್ಷರಶಃ ಪಾಲಿಸಿದ್ದರು. ಉಳಿದವರಿಗೆ ಎರಡನೆಯದೋ ಐದನೆಯದೋ ಸಿಕ್ಕಿದರೆ, ನನ್ನ ಮೊದಲನೆಯ ಆಯ್ಕೆಗೆ ಒಂದು ಪ್ರಶ್ನೆಯೂ ಇಲ್ಲದೆ ಮುದ್ರೆ ಬಿದ್ದಿತ್ತು. ನನ್ನ ಜಾಗ ಪಕ್ಕದ ಕುರ್ಚಿಯವರಿಗೆ ಹೋಯಿತು. ಅವರೇ ನನ್ನ ಬಾಯಿಗೆ ಸಂದೇಶ್ ಇಟ್ಟರು. ಅದನ್ನು ನುಂಗಲು ಆಗಲಿಲ್ಲ, ಉಗುಳಲು ಎಲ್ಲಿಗೆ ಹೋಗಬೇಕೆಂದು ಆ ಕ್ಷಣ ತೋಚಲಿಲ್ಲ.

ಸಂಜೆ ವೈನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ, ‘ಬಂತೇನ್ರಿ ಆರ್ಡರು? ಮೈಸೂರ ಆತೇನು?’ ಎಂದು ಕೂಗಿದರು. ‘ನಾ ಯಾರ ಮುಂದೂ ಒಂದ ಮಾತ ಆಡಿಲ್ರಿ. ಬರೇ ದೇವರ ಮುಂದ ಅಷ್ಟ ಹೇಳಿದ್ದೆ.’

‘ವೈನಿ, ನಾನು ಕೋಲ್ಕತ್ತಾ ಅಂತ ಹೇಳಿದ್ದೆ.’

‘ಹೇಳಿದ್ರಿ. ಆಕಿ ಅಲ್ಲೇ ಕುಂತಿದ್ಲಲ್ಲ? ಆಕಿ ಮುಂದ ಖರೇ ಹೆಂಗ ಹೇಳ್ತೀರಿ? ನಂಗ ತಿಳೀಲಿಲ್ಲ ಅಂತೀರೇನು?’

‘ನಾನು ನಿಜವಾಗ್ಲೂ ಕೋಲ್ಕತ್ತಾನೇ ಕೇಳಿದ್ದು ವೈನಿ.’

ಆ ಕಡೆ ಕುಕ್ಕರ್ ಕೂಗಿತು. ಅದನ್ನು ಆರಿಸಲು ಅವರು ಎದ್ದು ಹೋಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ‘ನೀವು ಒಬ್ಬಾಕಿನ ಇಲ್ಲಿ... ಕಣ್ಣಿಲ್ಲದಾಕಿ... ಊರ ಬ್ಯಾಡ ಅಂತಾರೇನ್ರಿ ಯಾರಾದ್ರೂ?’ ಎಂದರು. ಅತ್ತರು.

ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ಬದುಕನ್ನು ನಿರ್ಧರಿಸಲು ನೀವು ಯಾರು ಎಂದು ಕೇಳಬೇಕೆನಿಸಿತು. ಕೇಳಿಯೂ ಬಿಟ್ಟೆ. ಫೋನಿಟ್ಟ ಮೇಲೆ ನಾನೂ ಅತ್ತೆ. ವೈನಿಗೆ ತಮ್ಮ ಎದೆಯಲ್ಲಿದ್ದ ಊರಿನ ಆಸೆಯೇ ನನ್ನ ಎದೆಯಲ್ಲೂ ಕಂಡಿತು, ಅಷ್ಟೇ. ಇಪ್ಪತ್ತು ವರ್ಷದಿಂದ ಧಾರವಾಡದ ಹೆಸರನ್ನು ದೃಷ್ಟಿಗೆ ಹೆದರಿ ಬಾಯಿಂದ ಹೊರಗೆ ಬಿಡದವರು ಅವರು. ಅವರ ಕೈಗೆ ನನ್ನ ಆಯ್ಕೆಯನ್ನು ಕೊಟ್ಟದ್ದು ಯಾರು? ನಾನಲ್ಲ. ಆ ಪುಟ ‘ಮೈಸೂರು ಮೊದಲನೆಯದು’ ಎಂದು ಒಂದೇ ಒಂದು ಸಲ ನನ್ನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು, ನಗುತ್ತಾ ವೈನಿಯ ಕೈ ಮೇಲೆ ಒಂದು ಏಟು ಕೊಟ್ಟು ಸರಿಮಾಡಿಸುತ್ತಿದ್ದೆ.

ಮರುದಿನದಿಂದ ಅಲೆದಾಟ. ಮೇಲಧಿಕಾರಿ, ‘ನೀವೇ ಕೇಳಿದ ಊರು, ನಿಮ್ಮದೇ ಒಟಿಪಿ. ಈಗ ಬೇಡ ಎಂದರೆ ನಾನೇನು ಮಾಡಲಿ?’ ಎಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ದೂರು ಕೊಡಲು ಅದೇ ವೆಬ್‌ಸೈಟಿನಲ್ಲಿ ಒಂದು ಪುಟವಿತ್ತು; ಅದರ ಬಾಗಿಲಿನಲ್ಲೇ ಚಿತ್ರದ ಅಕ್ಷರಗಳನ್ನು ನೋಡಿ ಬರೆಯಿರಿ ಎಂಬ ಕಾವಲು. ನೀವು ಮನುಷ್ಯರೆಂದು ಸಾಬೀತುಮಾಡಿ ಎಂದಿತು. ನನಗೆ ಆಗಲಿಲ್ಲ. ನಮ್ಮ ಆಫೀಸಿನಲ್ಲಿ ಕಿವಿ ಕೇಳದವರೊಬ್ಬರಿದ್ದಾರೆ, ಅವರಿಗೆ ತೊಂದರೆಯಾದರೆ ಇರುವುದು ಫೋನಿನ ಹೆಲ್ಪ್‌ಲೈನ್ ಮಾತ್ರ. ಕೈ ನಡುಗುವವರೊಬ್ಬರಿದ್ದಾರೆ, ಅವರು ಬಿಲ್ಲೆ ಎಳೆಯಲು ಹೋದರೆ ಅದು ದಾರಿಯಲ್ಲೇ ಜಾರಿ ಇನ್ನೆಲ್ಲೋ ಬೀಳುತ್ತದೆ. ನಾವು ಮೂವರೂ ಕ್ಯಾಂಟೀನಿನಲ್ಲಿ ಒಂದೇ ಮೇಜಿನಲ್ಲಿ ಕೂತು, ಯಾರ ಪಾಡು ಹೆಚ್ಚು ಹಾಸ್ಯಾಸ್ಪದ ಎಂದು ಜಗಳವಾಡಿದೆವು. ಯಾರೂ ಗೆಲ್ಲಲಿಲ್ಲ.

ಕೊನೆಗೆ ಮತ್ತೆ ಹೆಲ್ಪ್‌ಲೈನಿಗೆ ಫೋನು ಮಾಡಿದೆ. ಅದೇ ಬೆಂಗಳೂರಿನ ದನಿ. ಈ ಪುಟವನ್ನು ಕಟ್ಟಿದವರಲ್ಲಿ ಆತನೂ ಒಬ್ಬನಂತೆ, ಗಲಾಟೆಯ ಸಮಯವೆಂದು ಫೋನಿಗೆ ಕೂರಿಸಿದ್ದರಂತೆ. ನಡೆದದ್ದನ್ನೆಲ್ಲ ಹೇಳಿದೆ.

‘ಕಣ್ಣು ಕಾಣದವರು ಯಾರಾದ್ರೂ ಕೂತು ಇದನ್ನ ನೋಡಿದ್ರಾ?’ ಎಂದು ಕೇಳಿದೆ.

‘ಇಲ್ಲ ಮೇಡಂ. ಎಲ್ಲರಿಗೂ ಬಳಸೋಕೆ ಬರಬೇಕು ಅಂತ ಟೆಂಡರಲ್ಲಿ ಒಂದು ಸಾಲಿದೆ. ಅದಕ್ಕೆ ಒಂದು ಸಾಫ್ಟ್‌ವೇರ್ ಓಡಿಸ್ತೀವಿ. ಅದು ಹಸಿರು ತೋರ್ಸುತ್ತೆ, ಸರ್ಟಿಫಿಕೇಟ್ ಹಾಕ್ತೀವಿ, ನಿಮ್ಮ ಸಂಸ್ಥೆಯವರು ಸೈನ್ ಮಾಡ್ತಾರೆ. ಅಲ್ಲಿಗೆ ಮುಗೀತು.’

‘ನೀವು?’

‘ನಾನು... ಮೌಸ್ ಇಲ್ದೆ ಯಾವತ್ತೂ ನೋಡಿಲ್ಲ.’

‘ಹಾಗಾದ್ರೆ ಈಗ ನೋಡಿ. ಮೌಸ್ ತೆಗೆದು ಪಕ್ಕಕ್ಕಿಡಿ.’

ನಿಜಕ್ಕೂ ಇಟ್ಟ. ಆಮೇಲೆ ಕೀಲಿಗಳ ಟಕಟಕ ಕೇಳಿಸಿತು, ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಮತ್ತೆ ನಿಧಾನ. ‘ಆಗ್ತಿಲ್ಲ ಮೇಡಂ’ ಎಂದ. ಇದನ್ನು ನಾನು ಹೇಳಿದಾಗ ದೂರು, ಆತ ಹೇಳಿದಾಗ ಸತ್ಯ. ಇರಲಿ. ಏನು ಮಾಡಬೇಕೆಂದು ಹೇಳಿದೆ. ಪ್ರತಿ ಊರಿನ ಪಕ್ಕ ಮೇಲಕ್ಕೆ, ಕೆಳಕ್ಕೆ ಎಂದು ಎರಡು ಬಟನ್. ಬಿಲ್ಲೆಗೆ ಹೆಸರು. ಊರು ಕದಲಿದಾಗ ಎಷ್ಟನೆಯದಾಯಿತು ಎಂದು ಒಂದು ಮಾತು. ಕಳಿಸುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಅಕ್ಷರದಲ್ಲಿ ಒಂದು ಪಟ್ಟಿ. ‘ಮತ್ತೆ ಕಟ್ಟೋಕೆ ಮುಂಚೆನೇ ನಮ್ಮಂಥವರನ್ನ ಕರೀರಿ. ಉಪಕಾರಕ್ಕಲ್ಲ, ಸಂಬಳ ಕೊಟ್ಟು ಕೆಲಸಕ್ಕೆ ಕರೀರಿ. ನಮಗೆ ಆಗದೆ ಇದ್ರೆ ಅದು ಮುಗಿದಿಲ್ಲ ಅಂತ ನಿಮ್ಮ ಕಂಪನಿ ಬಿಲ್ ನಿಲ್ಲಿಸೋಕೆ ನಮ್ಮ ಸಂಸ್ಥೆಯವರಿಗೆ ಹೇಳಿ. ಆಗ ನೋಡಿ, ಎಲ್ಲರಿಗೂ ಜ್ಞಾನೋದಯ ಆಗುತ್ತೆ.’

‘ನನ್ನ ಕೈಲಿ ಅಷ್ಟೆಲ್ಲ ಇಲ್ಲ ಮೇಡಂ. ಬಟನ್ ಮಾತ್ರ ನೋಡ್ತೀನಿ’ ಎಂದ.

ಹೊರಡುವ ಹಿಂದಿನ ದಿನ ವೈನಿ ಸಾಮಾನು ಕಟ್ಟಲು ಬಂದರು. ಆ ಫೋನಿನ ನಂತರ ನಾವು ಸರಿಯಾಗಿ ಮಾತಾಡಿರಲಿಲ್ಲ. ಪುಸ್ತಕ, ಪಾತ್ರೆ ಎಲ್ಲ ಡಬ್ಬಕ್ಕೆ ಹೋಗಿ ಕೋಣೆ ಖಾಲಿಯಾಗಿತ್ತು, ಕೆಮ್ಮಿದರೂ ಗೋಡೆ ಮರಳಿ ಕೆಮ್ಮುತ್ತಿತ್ತು. ಬೆಳಿಗ್ಗೆ ಕೊನೆಯ ಸಲ ಗರಿಯಾಹಾಟಿಗೆ ಹೋಗಿ ಬಂದಿದ್ದೆ. ಪಾತ್ರೆಯವನಿಗೆ ಹೊರಡುವ ಸುದ್ದಿ ಹೇಳಬೇಕೆಂದಿದ್ದೆ. ಅವನು ಎಂದಿನಂತೆ ‘ದಿದಿ, ಬಾಂ ದಿಕೆ’ ಎಂದ. ನಾನು ಎಂದಿನಂತೆ ಸರಿದುಕೊಂಡು ಬಂದುಬಿಟ್ಟೆ. ಹೇಳುವ ಧೈರ್ಯವಾಗಲಿಲ್ಲ.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮುಂಚೆ ಒಮ್ಮೆ ತೆರೆದೆ. ಹೆಲ್ಪ್‌ಲೈನಿನವನಿಂದ ಒಂದು ಇಮೇಲ್ ಬಂದಿತ್ತು. ‘ಮೇಡಂ, ಬಟನ್ ಹಾಕಿದ್ದೇನೆ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ ಆಗಿತ್ತು. ದಯವಿಟ್ಟು ನೋಡಿ ಹೇಳಿ’ ಎಂದು ಬರೆದು ಒಂದು ಕೊಂಡಿ ಕಳಿಸಿದ್ದ.

ಒಂದು ಮಧ್ಯಾಹ್ನ. ಆ ಸಾಲನ್ನು ಸ್ಕ್ರೀನ್ ರೀಡರಿನಿಂದ ಮತ್ತೆ ಓದಿಸಿದೆ. ಅದು ಅದೇ ದನಿಯಲ್ಲಿ ಮತ್ತೆ ಓದಿತು.

ಪುಟ ತೆರೆದೆ, ನನ್ನ ಹಳೆಯ ಪಟ್ಟಿಯನ್ನೇ ಅದರಲ್ಲಿ ಹಾಕಿದ್ದ. ವೈನಿ ಹಗ್ಗ ಕಟ್ಟುವುದನ್ನು ಬಿಟ್ಟು ನನ್ನ ಪಕ್ಕದಲ್ಲಿ, ಬರಿನೆಲದ ಮೇಲೆ ಬಂದು ಕೂತರು. ‘ಮೈಸೂರು, ಒಂದನೆಯದು’ ಎಂದಿತು. ಕೆಳಗಿಳಿದೆ. ಒಂದೊಂದೂ ಊರು ತನ್ನ ಹೆಸರು ಹೇಳಿಕೊಂಡಿತು. ‘ಕೋಲ್ಕತ್ತಾ, ಆರನೆಯದು. ಮೇಲಕ್ಕೆ, ಬಟನ್.’ ಒತ್ತಿದೆ. ಐದನೆಯದು. ಒತ್ತಿದೆ. ನಾಲ್ಕು. ಮೂರು. ಎರಡು. ಒತ್ತಿದೆ. ‘ಕೋಲ್ಕತ್ತಾ, ಒಂದನೆಯದು.’

‘ಕೋಲ್ಕತ್ತಾ ಮ್ಯಾಲೆ ಬಂತ್ರಿ’ ಎಂದರು ವೈನಿ.

‘ಗೊತ್ತು ವೈನಿ. ಅದೇ ಹೇಳ್ತು.’

ವೈನಿ ನನ್ನ ಮುಂಗೈ ಹಿಡಿಯಲು ಬಂದು, ಹಿಡಿಯದೆ ಕೈ ಹಿಂದಕ್ಕೆ ತೆಗೆದುಕೊಂಡರು. ಬಳೆ ಸದ್ದಾಗಿ ನಿಂತಿತು. ‘ಹಂಗಾರ ಆತಲ್ರಿ! ಇನ್ನ ಹೋಗೂದು ತಪ್ತಲ್ಲ?’ ಎಂದರು. ಅವರ ದನಿಯಲ್ಲಿ ಎಂಥ ಆಸೆ ಇತ್ತು!

ಪುಟದ ಕೊನೆಗೆ ಇಳಿದೆ. ಇದು ಪರೀಕ್ಷೆಗಾಗಿ ಮಾತ್ರ, ಇಲ್ಲಿ ಮಾಡಿದ ಆಯ್ಕೆಗಳು ಉಳಿಯುವುದಿಲ್ಲ ಎಂದು ಸ್ಕ್ರೀನ್ ರೀಡರ್ ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ ಓದಿತು.

‘ಇಲ್ಲ ವೈನಿ’ ಎಂದೆ. ‘ಹಗ್ಗ ಕೊಡಿ, ಈ ಡಬ್ಬ ಇನ್ನೂ ಕಟ್ಟಿಲ್ಲ.’